ಒಂದು ಮನೆಗೆ ಒಂದೇ ಜ್ವರ

ಪಕ್ಕದ ಮನೆಯ ಶಿವಲಿಂಗಪ್ಪನವರು ಹೆಂಡತಿ ಮಕ್ಕಳನ್ನು ಕರೆದುಕೊಂಡು, ಬಾಗಿಲಿಗೆ ಬೀಗ ಜಡಿದು, ನಾದಿನಿಯ ಮಗಳ ಮದುವೆಗೆಂದು ಹೊರಟದ್ದು ಸೋಮವಾರ ಬೆಳಿಗ್ಗೆ. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಜಟಕಾಗಾಡಿಯ ಹಿಂದುಗಡೆ, ಟ್ರಂಕಿನ ಮೇಲೆ, ಹಾಸಿಗೆ ಸುರುಳಿಗಳನ್ನು ಕಟ್ಟಿದ್ದು ಕಂಡಿತು. ಮದುವೆಮನೆಗೆ ಯಾರೂ ಮನೆಮಂದಿಯ ಹಾಸಿಗೆಯನ್ನೆಲ್ಲ ಹೊತ್ತುಕೊಂಡು ಹೋಗುವುದಿಲ್ಲ.

"ಏನಣ್ಣಾ, ಇದ್ದಕ್ಕಿದ್ದ ಹಾಗೆ ಹೊರಟುಬಿಟ್ರಿ?" ಎಂದೆ.

"ಮುಹೂರ್ತ ನಾವು ಇಡ್ತೀವೇನಮ್ಮಾ," ಎಂದರು ಅವರು, ಕುದುರೆಯ ಕಡೆ ನೋಡುತ್ತ. ಗಾಡಿಯೊಳಗಿಂದ ಅವರ ಹೆಂಡತಿ, "ತುಳಸಿಗೆ ಒಂದು ಚೊಂಬು ನೀರು ಹಾಕ್ತಿರು ನೀಲಾ," ಎಂದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಖಾಲಿ ಬಕೆಟ್ ಹಿಡಿದುಕೊಂಡೇ ನಿಂತಿದ್ದೆ.

ಬೀಗ ಹಾಕಿದ ಮನೆಯಲ್ಲಿ ಜ್ವರ ತಂಗುವುದಿಲ್ಲ. ಆ ದಿನ ಅದು ಗಾಣದ ಮನೆಯಲ್ಲಿತ್ತು. ಅಲ್ಲಿಂದ ಶಿವಲಿಂಗಪ್ಪನವರ ಮನೆಗೆ, ಆಮೇಲೆ ನಮ್ಮ ಮನೆಗೆ ಬರಬೇಕಿತ್ತು. ನಮ್ಮೂರಿನಲ್ಲಿ ಅದು ಬೀದಿಯ ಆ ತುದಿಯಿಂದ ಈ ತುದಿಗೆ ಮನೆ ತಪ್ಪಿಸದೆ ಬರುತ್ತದೆ, ಒಂದು ಮನೆಗೆ ಒಬ್ಬರನ್ನೇ ಹಿಡಿಯುತ್ತದೆ, ಒಂದೆರಡು ದಿನ ಇದ್ದು ಮುಂದಕ್ಕೆ ಹೋಗುತ್ತದೆ. ಹೋದ ಮೇಲೆ ಆ ಮನೆಯವರು ಸರದಿ ಚಾಪೆಯನ್ನು ತೊಳೆದು ಒಣಗಿಸಿ, ಮೇಲೊಂದು ನಿಂಬೆಹಣ್ಣು ಇಟ್ಟು ಮುಂದಿನ ಮನೆಗೆ ಕೊಟ್ಟುಬರುತ್ತಾರೆ. ಹೊಸ್ತಿಲ ಒಳಗೆ ಆ ಚಾಪೆ ಹಾಸಿಕೊಂಡು ಯಾರು ಮಲಗುತ್ತಾರೋ ಅವರಿಗೆ ಜ್ವರ. ಹೆಣ್ಣು ನೋಡಲು ಬರುವವರು ಮೊದಲು ಕೇಳುವುದು ಚಾಪೆ ಯಾರ ಮನೆಯಲ್ಲಿದೆ ಎಂದು. ಮಿಕ್ಕ ಕಾಯಿಲೆಗಳೆಲ್ಲ ಬೇರೆ ಊರುಗಳಲ್ಲಿ ಹೇಗೋ ಹಾಗೆಯೇ ನಮ್ಮಲ್ಲೂ ಹೇಳದೆ ಕೇಳದೆ ಬರುತ್ತವೆ. ಅವುಗಳಿಗೆ ಆಸ್ಪತ್ರೆ ಇದೆ.

ನನ್ನ ಎದೆ ಹೊಡೆದುಕೊಂಡದ್ದು ಜ್ವರಕ್ಕಲ್ಲ, ಬುಧವಾರಕ್ಕೆ. ಬುಧವಾರ ನನ್ನ ಪ್ರಾಕ್ಟಿಕಲ್ ಪರೀಕ್ಷೆ. ನಮ್ಮ ನರ್ಸಿಂಗ್ ಶಾಲೆಯಲ್ಲಿ ಕೊನೆಯ ವರ್ಷದ ಪ್ರಾಕ್ಟಿಕಲ್ ನಡೆಯುವುದು ಚಾಪೆ ಇರುವ ಮನೆಯಲ್ಲಿಯೇ. ಇಂಥ ದಿನ ಇಂಥ ಕಡೆ ರೋಗಿ ಇದ್ದೇ ಇರುತ್ತಾರೆ ಎಂದು ಇನ್ನಾವ ಕಾಯಿಲೆಯನ್ನು ನಂಬಲು ಸಾಧ್ಯ? ಹೋದ ವರ್ಷ ನಾನು ಕೈ ನಡುಗಿ ಥರ್ಮಾಮೀಟರ್ ಒಡೆದು ಫೇಲಾಗಿದ್ದೆ. ಎರಡನೆಯ ಸಲ ತಪ್ಪಿದವರನ್ನು ಶಾಲೆ ಇಟ್ಟುಕೊಳ್ಳುವುದಿಲ್ಲ. ಬಾರದೆ ಹೋದವರನ್ನೂ ತಪ್ಪಿದವರೆಂದೇ ಬರೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿರುವುದು ಇಬ್ಬರು, ನಾನು ಮತ್ತು ನನ್ನನ್ನು ಸಾಕಿದ ಸೋದರತ್ತೆ. ಚಾಪೆಯ ಮೇಲೆ ನಾನು ಮಲಗಬೇಕು, ಇಲ್ಲವೆ ಅವಳು.

ಅತ್ತೆಯ ಹೆಸರು ಚಂಪಕಮಾಲಮ್ಮ. ಬೀದಿಯವರಿಗೆಲ್ಲ ಚಂಪಕ್ಕ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಹಳೆಯ ಪದ್ಯಗಳನ್ನು ರಾಗವಾಗಿ ಓದುವುದು ಅವಳ ವ್ರತ. ಓದುವುದು ಎಂದೆನಷ್ಟೆ, ಪುಸ್ತಕ ತೆರೆದದ್ದನ್ನು ನಾನು ನೋಡಿಲ್ಲ. ಆರು ಸಾಲಿನ ಪದ್ಯ. ಎರಡು ಗಿಡ್ಡ ಸಾಲು, ಮೂರನೆಯದು ಉದ್ದ, ಮತ್ತೆ ಹಾಗೆಯೇ. ಉದ್ದ ಸಾಲಿನ ಕೊನೆಯಲ್ಲಿ ದನಿಯನ್ನು ಎಳೆದು ನಿಲ್ಲಿಸಿ, ಅಲ್ಲಿ ಮಾತ್ರ ಉಸಿರು ತೆಗೆದುಕೊಳ್ಳುತ್ತಿದ್ದಳು. ಗಿಡ್ಡ ಸಾಲಿನಲ್ಲಿ ಉಸಿರು ತೆಗೆದರೆ ದೇವರಿಗೆ ಕೊಟ್ಟ ಹಣ್ಣನ್ನು ಕಚ್ಚಿ ಕೊಟ್ಟ ಹಾಗೆ ಎನ್ನುತ್ತಿದ್ದಳು. ನನಗೆ ಹಾಡಲು ಬಾರದು. ಕೇಳಲು ಬರುತ್ತದೆ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ.

"ನಾನು ಮಲಗ್ತೀನಿ," ಎಂದಳು ಅತ್ತೆ, ಸುದ್ದಿ ಕೇಳಿದ ಕೂಡಲೇ. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಲೂ ಇಲ್ಲ.

"ಹೋದ ಸಲ ಮಲಗಿದ್ದಕ್ಕೆ ಎದ್ದು ಓಡಾಡೋಕೆ ಒಂದು ತಿಂಗಳು ಹಿಡೀತು ನಿಂಗೆ."

"ಗಾಣದ ಮನೆ ಅಜ್ಜಿ ನನಗಿಂತ ದೊಡ್ಡೋಳು. ಹೋದ ಸಲ ಅವಳು ಮಲಗಿ, ಜ್ವರ ಬಿಟ್ಟ ದಿನವೇ ಹೋಳಿಗೆ ತಟ್ಟಿದಳು. ನೀನು ಮಲಗಿದರೆ ಪರೀಕ್ಷೆಗೆ ಯಾರು ಹೋಗ್ತಾರೆ, ನಿಮ್ಮ ತಾತ ಬರ್ತಾನಾ?"

"ನಿಂಗೆ ಕೆಮ್ಮು ಬೇರೆ ಇದೆಯಲ್ಲತ್ತೆ."

"ಒಗ್ಗರಣೆ ಘಾಟಿಗೆ ಬಂದದ್ದು. ಕಷಾಯ ಕುಡಿದಿದೀನಿ. ನೀನು ನಿನ್ನ ಪಾಠ ಓದಿಕೋ."

ನಾನು ಓದಿಕೊಳ್ಳಲಿಲ್ಲ. ಎದುರು ಸಾಲಿನಲ್ಲಿ ನಮ್ಮ ಮುಂದಿನ ಸರದಿ ದರ್ಜಿ ರುದ್ರಯ್ಯನವರದು. ಅವರಲ್ಲಿಗೆ ಹೋಗಿ, ಈ ಒಂದು ಸಲ ಚಾಪೆಯನ್ನು ನೀವು ಮೊದಲು ತೆಗೆದುಕೊಳ್ಳಿ, ಆಮೇಲೆ ನಮಗೆ ಕೊಡಿ ಎಂದು ಕೇಳಿದೆ. ಸರದಿ ಬದಲಾಯಿಸುವುದು ನಮ್ಮೂರಿನಲ್ಲಿ ಇಲ್ಲದ್ದೇನಲ್ಲ. ರುದ್ರಯ್ಯ ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಒಳಗಡೆ ಕೂಸು ಅಳುತ್ತಿತ್ತು.

"ಮಗಳು ಬಾಣಂತಿ ಕಣಮ್ಮಾ. ಇವತ್ತಿಗೆ ಏಳು ದಿನ. ಪುರುಡು ಕಳೀಲಿ, ಅಲ್ಲೀತನಕ ನೀವೇ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡರೆ ಉಪಕಾರ ಅಂತ ನಾನೇ ಕೇಳೋಣ ಅಂತಿದ್ದೆ." ಕೂಸನ್ನು ನೋಡಿ, ಅದರ ಕೆನ್ನೆ ಮುಟ್ಟದೆ, ಹಿಂದಿರುಗಿದೆ.

ಆ ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂತೆ. ಬಾಯಿಗೆ ಬಂದ ಪ್ರಾರ್ಥನೆ ಏನೆಂದು ಕೇಳಿಸಿಕೊಂಡು ನನಗೇ ದಿಗಿಲಾಯಿತು. ಜ್ವರ ಗಾಣದ ಮನೆಯಲ್ಲಿಯೇ ಇನ್ನೂ ನಾಲ್ಕು ದಿನ ನಿಲ್ಲಲಿ ಎಂದು ಕೇಳುತ್ತಿದ್ದೆ. ಗಾಣದ ಮನೆಯಲ್ಲಿ ಮಲಗಿದ್ದವಳು ನನ್ನ ಜೊತೆ ಜೋಕಾಲಿ ಆಡಿದ ಗೌರಿ. ದಾದಿಯಾಗಲು ಹೊರಟವಳು ಇನ್ನೊಬ್ಬರ ಜ್ವರ ನಿಲ್ಲಲಿ ಎಂದು ಬೇಡಬಹುದೆ? ಬೇರೆ ಏನು ಬೇಡಬೇಕೆಂದು ತೋಚದೆ, ಏನನ್ನೂ ಬೇಡದೆ ಎದ್ದೆ.

ಮಂಗಳವಾರ ಮಧ್ಯಾಹ್ನ ಶಾಲೆಯಲ್ಲಿ ಏಪ್ರನ್, ಟ್ರೇ, ಥರ್ಮಾಮೀಟರ್ ಎಲ್ಲ ಕೊಟ್ಟರು. ನಮ್ಮ ಬೀದಿಗೆ ಹಾಕಿದ್ದು ನನ್ನನ್ನು ಮತ್ತು ನನ್ನ ಸಹಪಾಠಿ ನಸೀಮಾಳನ್ನು. ಪರೀಕ್ಷಕರು ಎಸ್ತರ್ ಮೇಡಂ. ಆ ಹೆಸರು ಕೇಳಿ ನಸೀಮಾ ನನ್ನ ತೋಳು ಹಿಡಿದುಕೊಂಡಳು.

"ಅವರು ಹೋದ ತಿಂಗಳು ಒಬ್ಬಳನ್ನ ಬರೀ ಉಗುರು ನೋಡಿ ವಾಪಸ್ ಕಳಿಸಿದರಂತೆ ಕಣೇ," ಎಂದಳು. ಆಮೇಲೆ ನನ್ನ ಮುಖ ನೋಡಿ, "ನಿಂಗೇನು ಭಯ, ನಿಮ್ಮನೇಲೇ ಪರೀಕ್ಷೆ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಆದ್ರೂ ಗೊತ್ತಿರುತ್ತೆ," ಎಂದಳು.

ನಾನು ಎಸ್ತರ್ ಮೇಡಂ ಹತ್ತಿರ ಹೋಗಿ, ರೋಗಿ ನನ್ನ ಅತ್ತೆಯೇ ಆಗಬಹುದು ಎಂದು ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಆಗಲಿ. ಅತ್ತೆ ಅಂತ ಕರೆಯೋ ಹಾಗಿಲ್ಲ, ನೀನು ಅನ್ನೋ ಹಾಗಿಲ್ಲ. ಬೇರೆಯವರ ಮನೆಗೆ ಹೋದ ಹಾಗೆ ನಿಮ್ಮ ಮನೆಗೆ ಬಾ."

ಮನೆಗೆ ಬರುವಷ್ಟರಲ್ಲಿ ಗಾಣದ ಮನೆಯವರು ಚಾಪೆ ಕೊಟ್ಟು ಹೋಗಿದ್ದರು. ಅತ್ತೆ ಆಗಲೇ ಅದನ್ನು ಹಾಸಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಿಂಬೆಹಣ್ಣು ತಲೆಯ ಪಕ್ಕದಲ್ಲಿತ್ತು. ಹಣೆ ಮುಟ್ಟಿದೆ, ಸುಡುತ್ತಿತ್ತು.

"ಇಷ್ಟು ಬೇಗ ಹತ್ತಿಬಿಡ್ತಾ?"

"ನನ್ನ ಕಂಡರೆ ಅದಕ್ಕೆ ಪ್ರೀತಿ," ಎಂದಳು. "ಒಳಗೆ ಹೋಗಿ ಮಲಗು. ಬೆಳಿಗ್ಗೆ ಬರುವಾಗ ಬಾಗಿಲು ತಟ್ಟಿ ಬಾ, ಗುರುತಿಲ್ಲದವರ ಹಾಗೆ."

ಬೆಳಿಗ್ಗೆ ಎದ್ದಾಗ ಬಾಯಿ ಒಣಗಿತ್ತು. ಸ್ನಾನದ ನೀರು ಎಷ್ಟು ಕಾಯಿಸಿಕೊಂಡರೂ ಚಳಿ ಹೋಗಲಿಲ್ಲ. ಏಪ್ರನ್ನಿನ ದಾರ ಕಟ್ಟಲು ಬೆರಳು ನಿಲ್ಲಲಿಲ್ಲ. ಹೋದ ವರ್ಷವೂ ಹೀಗೆಯೇ ಆಗಿತ್ತಲ್ಲ ಎಂದುಕೊಂಡೆ, ಈ ಹೆದರಿಕೆಯೇ ನನ್ನನ್ನು ತಿನ್ನುವುದು. ದೀಪಕ್ಕೆ ಎಣ್ಣೆ ಹಾಕುವಾಗ ಅರ್ಧ ಎಣ್ಣೆ ಕೆಳಗೆ ಚೆಲ್ಲಿತು. ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ, ಸುತ್ತಿ ಬಂದು, ಬೀದಿ ಬಾಗಿಲಿನಲ್ಲಿ ನಸೀಮಾಳ ಪಕ್ಕ ನಿಂತೆ. ಎಸ್ತರ್ ಮೇಡಂ ಛತ್ರಿ ಮಡಿಸಿ ಜಗಲಿಗೆ ಒರಗಿಸಿದರು.

"ಹೆದರಿದ್ದೀಯಾ?" ಎಂದು ಕೇಳಿದರು.

"ಸ್ವಲ್ಪ ಮೇಡಂ."

"ಮುಖ ಹಾಗೇ ಇದೆ. ಬೆಳಗಿನ ಹೊತ್ತು ನಿನ್ನದು, ಮಧ್ಯಾಹ್ನ ಇವಳದು. ತಟ್ಟು."

ನಮ್ಮ ಮನೆಯ ಬಾಗಿಲನ್ನು ನಾನು ತಟ್ಟಿದೆ. ಒಳಗಿಂದ ಅತ್ತೆ, "ಯಾರದು?" ಎಂದಳು. ಎಸ್ತರ್ ಮೇಡಂ ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಕೂತರು. ನಸೀಮಾ ಬಾಗಿಲಿಗೆ ಒರಗಿ ನಿಂತಳು. ನಾನು ಕೈ ತೊಳೆದು ಚಾಪೆಯ ಪಕ್ಕ ಮಂಡಿಯೂರಿದೆ.

"ಅಮ್ಮಾ, ನಿಮ್ಮ ಹೆಸರೇನು?"

"ಹೆಸರು ಗೊತ್ತಿಲ್ಲದೆ ಇಷ್ಟು ವರ್ಷ ನನ್ನ ಕೈಯಲ್ಲಿ ಅನ್ನ ತಿಂದ್ಯಾ?"

ನಸೀಮಾಳಿಗೆ ನಗು ತಡೆಯಲಿಲ್ಲ. ಎಸ್ತರ್ ಮೇಡಂ ಪೆನ್ಸಿಲಿನಿಂದ ಕುರ್ಚಿಯ ಕೈ ಕುಟ್ಟಿದರು. "ರೋಗಿ ಕೇಳಿದ್ದಕ್ಕೆ ಉತ್ತರ ಕೊಡಬೇಕು."

"ಚಂಪಕಮಾಲಮ್ಮ," ಎಂದಳು ಅತ್ತೆ ಗಂಭೀರವಾಗಿ. "ನಿಮ್ಮ ಹೆಸರೇನಮ್ಮಾ? ನೋಡಿದರೆ ಒಳ್ಳೆ ಮನೆತನದ ಹುಡುಗಿ ಥರ ಕಾಣ್ತೀರ."

ಮೊದಲು ನೋಡಬೇಕಾದ್ದು ಪಾದ. ಸರದಿ ಜ್ವರದಲ್ಲಿ ಮೈಯೆಲ್ಲ ಸುಡುತ್ತಿದ್ದರೂ ಪಾದ ತಣ್ಣಗಿರುತ್ತದೆ. ಹೊದಿಕೆ ಸರಿಸಿ ಮುಟ್ಟಿದೆ. ತಣ್ಣಗಿತ್ತು. ಬೆರಳ ಸಂದಿಯಲ್ಲಿ ತೇವವಿತ್ತು. ಬೆಳಗಿನ ಜಪಕ್ಕೆ ಕಾಲು ತೊಳೆದಿರಬೇಕು ಎಂದುಕೊಂಡೆ. "ಪಾದ ತಣ್ಣಗಿದೆ ಮೇಡಂ."

"ಮುಂದೆ."

ಥರ್ಮಾಮೀಟರನ್ನು ಎರಡು ಕೈಯಲ್ಲಿ ಹಿಡಿದು ಒದರಿದೆ. ಒಡೆಯಲಿಲ್ಲ. ನೂರಾ ಎರಡರ ಮೇಲಿತ್ತು. ನಾಡಿ ಹಿಡಿದೆ, ಎಣಿಸಿದೆ, ಹೇಳಿದೆ. "ಮುಂದೆ," ಎಂದರು ಮೇಡಂ. ಅವರ ಪೆನ್ಸಿಲ್ ಪ್ರತಿಸಲವೂ ಸಣ್ಣಗೆ ಒಂದು ಗೀಟು ಎಳೆಯುತ್ತಿತ್ತು. ಗೀಟು ಎಳೆದರೆ ಒಳ್ಳೆಯದೆಂದು ನನಗೆ ಗೊತ್ತಿತ್ತು. ಹೋದ ವರ್ಷದ ಪರೀಕ್ಷಕರು ಗೀಟನ್ನೇ ಎಳೆದಿರಲಿಲ್ಲ.

ಮುಂದಿನದು ಉಸಿರಿನ ಎಣಿಕೆ. ಎಣಿಸುತ್ತಿದ್ದೇವೆಂದು ರೋಗಿಗೆ ತಿಳಿದರೆ ಉಸಿರು ಬದಲಾಗುತ್ತದೆ. ಅದಕ್ಕೆ ಮಣಿಕಟ್ಟು ಹಿಡಿದು ನಾಡಿ ನೋಡುವವರ ಹಾಗೆ ಕೂತು, ಕಣ್ಣನ್ನು ಎದೆಯ ಮೇಲಿಡಬೇಕು. ನಾನು ಮತ್ತೆ ಕೈ ಹಿಡಿದೆ. ನನ್ನ ಕೈ ನಡುಗುವುದು ಅತ್ತೆಗೆ ಗೊತ್ತಾಯಿತು. ಅವಳು ಕಣ್ಣು ಮುಚ್ಚಿ, ಮೆಲ್ಲಗೆ ಪದ್ಯ ಹಿಡಿದಳು. ಚಿಕ್ಕಂದಿನಲ್ಲಿ ಗುಡುಗಿಗೆ ನಾನು ಅತ್ತರೆ ಹೇಳುತ್ತಿದ್ದ ಪದ್ಯ.

"ಸುಮ್ಮನಿರಿ ಅಮ್ಮ, ಎಣಿಸೋಕೆ ಆಗಲ್ಲ," ಎಂದರು ಎಸ್ತರ್ ಮೇಡಂ.

"ನಾನು ಸುಮ್ಮನಿದ್ದರೆ ಈ ಹುಡುಗಿ ಹೆದರಿಕೊಂಡೇ ಸಾಯ್ತಾಳೆ," ಎಂದು ಅತ್ತೆ ಮುಂದುವರಿಸಿದಳು.

ಮೊದಲನೆಯ ಸಾಲಿನಲ್ಲಿಯೇ ಅವಳು ಉಸಿರು ತೆಗೆದಳು. ಗಿಡ್ಡ ಸಾಲು, ಅದೂ ನಡುವಿನಲ್ಲಿ, ಒಂದು ಪದವನ್ನು ಎರಡು ತುಂಡು ಮಾಡಿ. ಎರಡನೆಯ ಸಾಲಿನಲ್ಲಿ ಎರಡು ಕಡೆ. ಉದ್ದ ಸಾಲಿನ ಕೊನೆಯಲ್ಲಿ ದನಿ ಎಳೆಯಲು ಹೋಗಿ, ಬಲಗೈಯನ್ನು ಹೊದಿಕೆಯೊಳಗೆ ಪಕ್ಕೆಗೆ ಒತ್ತಿಕೊಂಡು, ಎಳೆಯದೆ ಬಿಟ್ಟಳು. ಆಮೇಲೆ ಏನೂ ಆಗದವಳ ಹಾಗೆ ನಾಲ್ಕನೆಯ ಸಾಲು ಹಿಡಿದಳು.

ಸರದಿ ಜ್ವರ ಉಸಿರನ್ನು ಮುಟ್ಟುವುದಿಲ್ಲ. ಆ ಜ್ವರದಲ್ಲಿ ಮಲಗಿದವರು ಇಸ್ಪೀಟು ಆಡುತ್ತಾರೆ, ಜಗಳ ಆಡುತ್ತಾರೆ. ಹೋದ ಸಲ ಇದೇ ಚಾಪೆಯ ಮೇಲೆ ಅತ್ತೆ ಇಡೀ ಮಧ್ಯಾಹ್ನ ಪದ್ಯ ಹೇಳಿದ್ದಳು, ಒಂದು ಕಡೆಯೂ ಮುರಿಯದೆ. ನನ್ನ ಕೈಯಲ್ಲಿ ಅವಳ ಮಣಿಕಟ್ಟು, ಕಿವಿಯಲ್ಲಿ ಆ ಮುರಿದ ಸಾಲು. ಒದ್ದೆಯಾಗಿದ್ದ ಪಾದ ನೆನಪಾಯಿತು. ಅತ್ತೆ ಜಪಕ್ಕೆ ಕಾಲು ತೊಳೆದರೆ ಸೆರಗಿನಿಂದ ಒರೆಸಿಕೊಳ್ಳದೆ ಬರುವವಳಲ್ಲ. ಆ ಕೆಮ್ಮು ಯಾವಾಗಿನಿಂದ ಇತ್ತು? ಕಷಾಯದ ಪಾತ್ರೆ ಎಷ್ಟು ದಿನದಿಂದ ಒಲೆಯ ಪಕ್ಕ ಇತ್ತು? ನನ್ನ ಹಾಳು ಪಾಠಗಳ ಮಧ್ಯೆ ನಾನು ಅದನ್ನು ನೋಡಿಯೂ ಇರಲಿಲ್ಲ.

"ಎಷ್ಟು?" ಎಂದರು ಎಸ್ತರ್ ಮೇಡಂ.

ನಾನು ಎಣಿಕೆ ಹೇಳಿದೆ. ಅವರು ಗೀಟು ಎಳೆದರು. "ಜ್ವರ ಇದ್ದಾಗ ಸ್ವಲ್ಪ ಹೆಚ್ಚಿರುತ್ತೆ. ಸರಿ. ಮುಂದೆ, ಒದ್ದೆ ಬಟ್ಟೆ."

"ಮೇಡಂ, ಇದು ಸರದಿ ಜ್ವರ ಅಲ್ಲ."

ಹೊರಗೆ ರುದ್ರಯ್ಯನವರ ಯಂತ್ರದ ಸದ್ದು ಕೇಳಿಸುತ್ತಿತ್ತು. ಎಸ್ತರ್ ಮೇಡಂ ಪೆನ್ಸಿಲ್ ತೊಡೆಯ ಮೇಲಿಟ್ಟರು.

"ಏನಂದೆ?"

"ಇದು ಶ್ವಾಸಕೋಶದ್ದು. ಉಸಿರು ಎಲ್ಲಿ ತಗೋಬಾರದೋ ಅಲ್ಲಿ ತಗೋತಿದಾರೆ. ಬಲಗಡೆ ಪಕ್ಕೆ ಹಿಡ್ಕೋತಿದಾರೆ. ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು."

"ಪಾದ ತಣ್ಣಗಿದೆ ಅಂದೆಯಲ್ಲ."

"ಒದ್ದೆಯಾಗಿಯೂ ಇದೆ ಮೇಡಂ."

"ಕಾಲು ತೊಳ್ಕೊಳ್ಳೋದೂ ತಪ್ಪಾ ಈಗ?" ಎಂದಳು ಅತ್ತೆ. ಆ ಒಂದು ಮಾತಿಗೆ ಅವಳು ಎರಡು ಸಲ ನಿಂತಳು. "ಮೇಡಮ್ಮೋರೆ, ಇವಳು ಹೆದರುಪುಕ್ಕಲಿ. ಗೀಟು ಹಾಕಿ, ಮುಂದಕ್ಕೆ ನಡೆಸಿ."

ಎಸ್ತರ್ ಮೇಡಂ ಎದ್ದು ಬಂದು ಚಾಪೆಯ ಅಂಚಿನಲ್ಲಿ ನಿಂತರು. ಅವರ ದನಿ ಸಣ್ಣದಾಯಿತು. "ಸರದಿ ಜ್ವರದವರನ್ನ ಆಸ್ಪತ್ರೆಯೊಳಗೆ ಬಿಡೋ ಹಾಗಿಲ್ಲ ಅಂತ ಗೊತ್ತಲ್ಲ? ಹೋದರೆ ಅದು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತೆ. ಬಾಣಂತಿಯರು, ಆಪರೇಷನ್ ಆದವರು ಇರ್ತಾರೆ. ನಿನ್ನ ಮಾತು ನಂಬಿ ನಾನು ಕಳಿಸಿ, ಇದು ಸರದಿ ಜ್ವರವೇ ಆದರೆ?" ಸ್ವಲ್ಪ ತಡೆದು, "ಇಲ್ಲೀತನಕ ಎಲ್ಲಾ ಸರಿ ಮಾಡಿದೀಯ. ಆ ಮಾತು ನಾನು ಕೇಳಲಿಲ್ಲ ಅಂದುಕೋತೀನಿ. ಬಟ್ಟೆ ಒದ್ದೆ ಮಾಡು."

ಬಟ್ಟೆ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ತೆಗೆದುಕೊಂಡು ಅದ್ದಿದರೆ ಮುಗಿಯಿತು, ಮಧ್ಯಾಹ್ನದ ಹೊತ್ತಿಗೆ ನಾನು ಪಾಸು. ಸಂಜೆ ಹೇಗಾದರೂ ಮಾಡಿ ವೈದ್ಯರನ್ನು ಮನೆಗೇ ಕರೆಸಬಹುದು ಎಂದೂ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಐದನೆಯ ಸಾಲು ಹೇಳಲು ಬಾಯಿ ತೆರೆದಳು. ದನಿಯೇ ಬರಲಿಲ್ಲ. ಬರೀ ತುಟಿ ಆಡಿತು.

"ಅಲ್ಲ ಮೇಡಂ. ಇದು ಬೇರೆ."

"ಚಾಪೆ ಈ ಮನೆಗೆ ಬಂದಿದೆ. ಜ್ವರ ಬಂದೇ ಬಂದಿರುತ್ತೆ. ಅವರಲ್ಲಿ ಇಲ್ಲದಿದ್ದರೆ ಎಲ್ಲಿದೆ, ತೋರಿಸು."

ಆ ಪ್ರಶ್ನೆಗೆ ನಾನು ಬಾಗಿಲ ಕಡೆ ನೋಡಿದೆ, ದೇವರ ಮನೆಯ ಕಡೆ ನೋಡಿದೆ. ಮನೆಯಲ್ಲಿರುವುದು ಇಬ್ಬರು. ಒಂದು ಮನೆಗೆ ಒಂದೇ ಜ್ವರ. ಬೆಳಗಿನಿಂದ ನಾನು ಹೆದರಿಕೆ ಎಂದು ಕರೆಯುತ್ತಿದ್ದುದಕ್ಕೆ ಬೇರೆ ಹೆಸರು ಇರಬಹುದೆಂದು ಆಗ ಹೊಳೆಯಿತು. ಆಗಲೇ ಸುಡುತ್ತಿದ್ದ ಅತ್ತೆಯ ಮೈಯನ್ನು ಕಂಡು, ಸರದಿ ಜ್ವರ ಚಾಪೆಯನ್ನು ದಾಟಿಕೊಂಡು ಒಳಕೋಣೆಯಲ್ಲಿ ಮಲಗಿದ್ದ ನನ್ನ ಹತ್ತಿರ ಬಂದಿತ್ತು. ಟ್ರೇಯಿಂದ ಥರ್ಮಾಮೀಟರ್ ತೆಗೆದು, ತೊಳೆದು, ಒದರಿ, ನನ್ನ ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಅದು ಬಾಯಲ್ಲಿದ್ದಷ್ಟು ಹೊತ್ತು ನಾನು ಒಂದೇ ಒಂದನ್ನು ಬೇಡಿಕೊಂಡೆ, ಪಾದರಸ ಮೇಲೇರಲಿ ಎಂದು. ಅದಕ್ಕಿಂತ ವಿಚಿತ್ರವಾದ ಪ್ರಾರ್ಥನೆಯನ್ನು ನಾನು ಯಾವ ದೇವರಿಗೂ ಸಲ್ಲಿಸಿರಲಿಲ್ಲ.

ಎಸ್ತರ್ ಮೇಡಂ ತೆಗೆದು ಬೆಳಕಿಗೆ ಹಿಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. "ನಸೀಮಾ," ಎಂದರು. "ಇವಳ ಪಾದ ನೋಡು."

ನಸೀಮಾ ಕೂತು ನನ್ನ ಎರಡು ಹಿಮ್ಮಡಿಯನ್ನೂ ಹಿಡಿದಳು. ಅವಳ ಕೈ ಹಿಂದಕ್ಕೆ ಹೋದದ್ದು ನನಗೆ ತಿಳಿಯಿತು. "ತಣ್ಣಗಿದೆ ಮೇಡಂ. ಬಾವಿ ಕಲ್ಲಿನ ಹಾಗೆ. ಒಣಗಿದೆ."

ಆಮೇಲೆ ನಡೆದದ್ದೆಲ್ಲ ಬೇಗ ನಡೆಯಿತು. ಎಸ್ತರ್ ಮೇಡಂ ಅತ್ತೆಯನ್ನು ಎಬ್ಬಿಸಿ ಕೂರಿಸಿ, ಚೀಲದಿಂದ ಸ್ಟೆತಾಸ್ಕೋಪ್ ತೆಗೆದು ಬೆನ್ನಿಗೆ ಹಿಡಿದರು. ಬಲಗಡೆ ಕೆಳಗೆ ಬಂದಾಗ ಅಲ್ಲಿಯೇ ನಿಂತು, ಮತ್ತೆ ಮತ್ತೆ ಕೇಳಿದರು. "ಇಲ್ಲಿ ಏನೂ ಕೇಳಿಸ್ತಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ರುದ್ರಯ್ಯ ಹೊಲಿಗೆ ಬಿಟ್ಟು ಗಾಡಿ ತರಲು ಓಡಿದರು. ಗಾಣದ ಮನೆಯ ಇಬ್ಬರು ಗಂಡಸರು ಅತ್ತೆಯನ್ನು ಕಂಬಳಿಯಲ್ಲಿ ಎತ್ತಿಕೊಂಡರು. ಹೊಸ್ತಿಲು ದಾಟುವಾಗ ಅವಳು ನನ್ನ ಕಡೆ ನೋಡಿದಳು, ಕೋಪದಿಂದ. "ಎರಡು ಸಲ... ಎದ್ದು ಹೋಗಿ... ಕಾಲು ತೊಳೆದು ಬಂದಿದ್ದೆ," ಎಂದಳು. ಅಷ್ಟೇ. ನಾನು ಜೊತೆಗೆ ಹೋಗಲು ಏಪ್ರನ್ ಬಿಚ್ಚುತ್ತಿದ್ದೆ. ಎಸ್ತರ್ ಮೇಡಂ ನನ್ನ ಭುಜ ಹಿಡಿದರು. "ನೀನು ಎಲ್ಲಿಗೂ ಹೋಗೋ ಹಾಗಿಲ್ಲ. ಚಾಪೆ ಮೇಲೆ ಮಲಗು. ನಸೀಮಾ, ಮಧ್ಯಾಹ್ನದವರೆಗೆ ಕಾಯೋದು ಬೇಡ. ರೋಗಿ ಸಿದ್ಧ ಇದ್ದಾರೆ."

ನಾನು ಮಲಗಿದೆ. ಅತ್ತೆಯ ತಲೆ ಒತ್ತಿದ ತಗ್ಗು ದಿಂಬಿನಲ್ಲಿ ಇನ್ನೂ ಇತ್ತು. ನಸೀಮಾ ಕೈ ತೊಳೆದು ಬಂದು ಮಂಡಿಯೂರಿದಳು. ಅವಳ ಕಣ್ಣಂಚು ಕೆಂಪಗಿತ್ತು.

"ಅಮ್ಮಾ, ನಿಮ್ಮ ಹೆಸರೇನು?" ಎಂದಳು.

"ನೀಲಾಂಬಿಕೆ," ಎಂದೆ. ಅವಳಿಗೆ ನಗಲು ಆಗಲಿಲ್ಲ, ನನಗೂ ಆಗಲಿಲ್ಲ.

ಸರದಿ ಜ್ವರದವರಿಗೆ ಯಾವ ಸುದ್ದಿಯನ್ನೂ ಹೇಳಬಾರದು, ಒಳ್ಳೆಯದಾಗಲಿ ಕೆಟ್ಟದಾಗಲಿ. ಸುದ್ದಿ ಕೇಳಿಸಿಕೊಂಡರೆ ಜ್ವರ, ಮುಂದೇನಾಯಿತು ಎಂದು ತಿಳಿಯಲು ಇನ್ನೊಂದು ದಿನ ಅಲ್ಲಿಯೇ ಕೂತುಬಿಡುತ್ತದೆ. ಮುಂದಿನ ಮನೆಯವರೆಲ್ಲ ಲೆಕ್ಕ ಹಾಕಿಕೊಂಡಿರುತ್ತಾರೆ, ಅವರ ಶಾಪ ತಟ್ಟುತ್ತದೆ. ಶಾಲೆಯಲ್ಲಿ ಇದಕ್ಕೇ ಬೇರೆ ಅಂಕ ಇದೆ. ರೋಗಿಯ ಹತ್ತಿರ ಹವಾಮಾನದ ಮಾತೂ ಆಡಕೂಡದು. ಇದನ್ನು ನಾನು ಎಷ್ಟೋ ಸಲ ಬಾಯಿಪಾಠ ಮಾಡಿ ಒಪ್ಪಿಸಿದ್ದೆ. ಮಲಗಿದವರ ಕಡೆಯಿಂದ ಅದು ಹೇಗಿರುತ್ತದೆಂದು ಯೋಚಿಸಿರಲಿಲ್ಲ.

ನಸೀಮಾ ಒದ್ದೆ ಬಟ್ಟೆ ಹಾಕಿದಳು, ಗಂಜಿ ಕುಡಿಸಿದಳು, ಹೊದಿಕೆ ಬದಲಾಯಿಸಿದಳು. ಎಸ್ತರ್ ಮೇಡಂ "ಮುಂದೆ" ಎನ್ನುತ್ತಿದ್ದರು. ನಾನು ಬೀದಿಯನ್ನು ಕೇಳುತ್ತಿದ್ದೆ. ಯಾವ ಗಾಡಿಯ ಸದ್ದು ಬಂದರೂ ಅದು ನಮ್ಮ ಬಾಗಿಲಲ್ಲಿ ನಿಲ್ಲುತ್ತದೋ ಮುಂದೆ ಹೋಗುತ್ತದೋ ಎಂದು ಮೈಯೆಲ್ಲ ಕಿವಿಯಾಗುತ್ತಿತ್ತು. ಅತ್ತೆಯ ಪದ್ಯವನ್ನು ಮನಸ್ಸಿನಲ್ಲಿ ಮುಂದುವರಿಸೋಣವೆಂದರೆ, ಅವಳು ನಿಲ್ಲಿಸಿದ ಸಾಲಿನಿಂದ ಆಚೆಗೆ ಹೋಗಲು ಧೈರ್ಯವಾಗಲಿಲ್ಲ.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಒಂದು ಸೈಕಲ್ ನಿಂತಿತು. ಆಸ್ಪತ್ರೆಯ ಜವಾನನ ದನಿ. ನಸೀಮಾ ಎದ್ದು ಬಾಗಿಲಿಗೆ ಹೋದಳು. ಅವನು ಏನೋ ಹೇಳಿದ, ಮೆಲ್ಲಗೆ. ಅವಳು ಏನೋ ಕೇಳಿದಳು. ಸೈಕಲ್ ಹೋಯಿತು. ಅವಳು ಬಂದು ಮೇಡಂ ಕಿವಿಯಲ್ಲಿ ಹೇಳಿ, ನನ್ನ ಪಕ್ಕ ಕೂತು, ಬಟ್ಟೆಯನ್ನು ನೀರಿಗೆ ಅದ್ದಿದಳು.

"ನಸೀಮಾ," ಎಂದೆ.

"ರೋಗಿ ಮಾತಾಡಬಾರದು," ಎಂದಳು ಅವಳು, ನನ್ನ ಮುಖ ನೋಡದೆ.

"ಬರೀ ತಲೆ ಆಡಿಸು."

ಅವಳು ತಲೆ ಆಡಿಸಲಿಲ್ಲ. ಬಟ್ಟೆಯನ್ನು ಹಿಂಡಿದಳು, ಮತ್ತೆ ಅದ್ದಿದಳು, ಮತ್ತೆ ಹಿಂಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಇಲ್ಲದ ಮನೆಗೆ ಯಾರು ಮೊದಲು ಬರುತ್ತಾರೆ, ಯಾರು ಏನು ಕೇಳುತ್ತಾರೆ ಎಂಬುದೆಲ್ಲ ಸಾಲಾಗಿ ಬಂತು. ದಿಂಬು ಒದ್ದೆಯಾಯಿತು.

ಕುರ್ಚಿ ಕಿರುಗುಟ್ಟಿತು. "ನಸೀಮಾ, ಈ ನೀರು ಬೆಚ್ಚಗಾಗಿದೆ. ಬಾವಿಯಿಂದ ಹೊಸ ನೀರು ಸೇದಿಕೊಂಡು ಬಾ," ಎಂದರು ಎಸ್ತರ್ ಮೇಡಂ.

"ಈಗ ತಾನೆ ತಂದೆ ಮೇಡಂ."

"ಮತ್ತೆ ತಾ. ನಿಧಾನವಾಗಿ ಬಾ."

ನಸೀಮಾ ಕೊಡ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಎಸ್ತರ್ ಮೇಡಂ ಕುರ್ಚಿಯನ್ನು ಚಾಪೆಯ ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮ ಅತ್ತೆಯ ಬಲಗಡೆ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಸೂಜಿ ಹಾಕಿ ತೆಗೆದರು. ಒಂದು ಪಾತ್ರೆ ಆಯಿತಂತೆ. ಈಗ ಉಸಿರು ಸಲೀಸಾಗಿದೆ. ಪೂರಾ ದಾಟಿದರು ಅಂತ ಡಾಕ್ಟರು ಇನ್ನೂ ಹೇಳಿಲ್ಲ, ನಾನೂ ಹೇಳಲ್ಲ. ಆದರೆ ಮಾತಾಡ್ತಿದಾರೆ. ಹುಡುಗಿ ಪಾಸಾ ಫೇಲಾ ಅಂತ ಎಲ್ಲರನ್ನೂ ಕೇಳ್ತಿದಾರಂತೆ."

"ಅವಳಿಗೆ ಏನು ಹೇಳಬೇಕು ಮೇಡಂ?" ಎಂದೆ.

"ಅದು ನನ್ನ ಕೈಲಿಲ್ಲ. ಪರೀಕ್ಷೆ ಮಧ್ಯದಲ್ಲಿ ಬಿಟ್ಟವರನ್ನ ಏನು ಮಾಡ್ಬೇಕು ಅಂತ ಶಾಲೆಯವರು ಕೂತು ಹೇಳಬೇಕು. ನಾನು ಕಂಡದ್ದು ಬರೀತೀನಿ, ಅಷ್ಟೇ." ಅವರು ಕೈ ಚಾಚಿ ನನ್ನ ಹಣೆಯ ಮೇಲಿನ ಬಟ್ಟೆಯನ್ನು ತಿರುವಿ ಹಾಕಿದರು. "ಈಗ ಮಲಗು."

ನಸೀಮಾ ಕೊಡ ತಂದು ಇಟ್ಟಳು. ನಮ್ಮಿಬ್ಬರ ಮುಖವನ್ನೂ ನೋಡಿದಳು, ಏನೂ ಕೇಳಲಿಲ್ಲ. ಅವಳ ಪರೀಕ್ಷೆ ಮುಗಿಯಿತು ಎಂದು ಮೇಡಂ ಹೇಳಿ, ರಾತ್ರಿಗೆ ಇಲ್ಲೇ ಇರಬೇಕೆಂದೂ ಹೇಳಿ, ಚಪ್ಪಲಿ ಮೆಟ್ಟಿಕೊಂಡರು. ಅಷ್ಟರಲ್ಲಿ ಜಗಲಿಯ ಕೆಳಗೆ ಯಾರೋ ಕೆಮ್ಮಿದರು. ರುದ್ರಯ್ಯ. ಒಳಗೆ ಇಣುಕದೆ, ಬೀದಿಯಲ್ಲೇ ನಿಂತು ಮಾತಾಡಿದರು.

"ಮೇಡಮ್ಮೋರೆ, ತಪ್ಪು ತಿಳೀಬೇಡಿ. ಮನೇಲಿ ಬಾಣಂತಿ, ಹಸುಗೂಸು. ತಯಾರಿ ಮಾಡ್ಕೋಬೇಕು. ಜ್ವರ ಎಂದು ಬಿಡಬಹುದು, ನಾಳೆನಾ?"

"ನಾಳೆ ಬಿಡಲ್ಲ. ನಾಳಿದ್ದೂ ಇರುತ್ತೆ," ಎಂದರು ಎಸ್ತರ್ ಮೇಡಂ. "ಅದು ಸುದ್ದಿ ಕೇಳಿಬಿಟ್ಟಿದೆ."

"ಅಯ್ಯೋ. ಆ ಹುಡುಗಿ ಬಾಯಿ ಬಿಟ್ಟಳಾ?"

"ಅವಳಲ್ಲ. ನಾನು ಹೇಳಿದೆ."

ಛತ್ರಿ ಬಿಚ್ಚಿದ ಸದ್ದು ಕೇಳಿಸಿತು, ಹೆಜ್ಜೆ ಸದ್ದು ಕೇಳಿಸಲಿಲ್ಲ. ಒಂದು ದಿನ ಹೆಚ್ಚಾದದ್ದಕ್ಕೆ ರುದ್ರಯ್ಯನವರಿಗೆ ಸಮಾಧಾನವೋ, ನಿಯಮ ಮುರಿದದ್ದಕ್ಕೆ ಸಿಟ್ಟೋ ನಾನು ಅರಿಯೆ. "ಚಂಪಕ್ಕ ಹೇಗಿದಾರಂತೆ?" ಎಂದು ಕೇಳಿದರು.

ಎಸ್ತರ್ ಮೇಡಂ ಅದನ್ನೆಲ್ಲ ಮೊದಲಿನಿಂದ ಮತ್ತೆ ಹೇಳಿದರು, ಒಳಗೆ ಮಲಗಿದ್ದ ನನಗೂ ಕೇಳುವಷ್ಟು ದೊಡ್ಡದಾಗಿ.